ದಸರಾ ರಜೆಯಲ್ಲಿ ನೇಪಾಳಕ್ಕೆ ಹೋಗಬೇಕೆ?

ಕಳೆದ ತಿಂಗಳು ನಮ್ಮ ಬಳಗದ ಸಭೆ ಮುಗಿದು, ಚಾಪೆ ಮಡಿಸಿ ಹೊರಡುವ ಹೊತ್ತಿಗೆ ಪದವಿ ತರಗತಿಯ ಐವರು ವಿದ್ಯಾರ್ಥಿಗಳು ನನ್ನನ್ನು ಜಗಲಿಯಲ್ಲಿ ತಡೆದು ನಿಲ್ಲಿಸಿದರು. ಹಿಮಾಲಯವನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. ನೇಪಾಳವನ್ನೇ ಆರಿಸಿಕೊಂಡದ್ದಕ್ಕೆ ಕಾರಣವೂ ಇತ್ತು: ವಿದೇಶವೆಂದರೂ ಭಾರತೀಯರಿಗೆ ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಇಲ್ಲದವರು ಮತದಾರರ ಗುರುತಿನ ಚೀಟಿಯಿಂದಲೇ ಗಡಿ ದಾಟಬಹುದು, ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ, ಅಲ್ಲಿಂದ ಸೋನೌಲಿ ಗಡಿಗೆ ಬಸ್ಸಿದೆ. ಅವರ ಪ್ರಶ್ನೆ ಒಂದೇ. "ಮೇಷ್ಟ್ರೇ, ಅನ್ನಪೂರ್ಣದ ಕಡೆ ಚಾರಣ ಮಾಡಲು ಯಾವ ತಿಂಗಳು ಒಳ್ಳೆಯದು? ಅಕ್ಟೋಬರ್ ಅಂತ ಎಲ್ಲ ಕಡೆ ಇದೆ. ನಮಗೂ ದಸರಾ ರಜೆ ಇರ್ತದೆ."

ಅಂದು ಕತ್ತಲಾಗಿತ್ತು, ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಬರೆದು ತಿಳಿಸುತ್ತೇನೆಂದು ಹೇಳಿ ಕಳುಹಿಸಿದೆ. ಈ ಬರಹ ಅವರಿಗೆ ಕೊಡುವ ಉತ್ತರ. ಆದರೆ ಮನೆಯ ಒಂದು ಕೋಣೆಯನ್ನು ಅತಿಥಿಗಳಿಗೆಂದು ಸುಣ್ಣ ಬಳಿದು ಸಿದ್ಧಮಾಡಿಕೊಂಡಿರುವ ನಮ್ಮ ಊರುಗಳ ಓದುಗರಿಗೂ ಇದರಲ್ಲಿ ಪಾಲಿದೆ ಎಂಬುದು ನನ್ನ ಭಾವನೆ.

ಪ್ರವಾಸಿ ಕೈಪಿಡಿಗಳು ಹೇಳುವುದು ಸುಳ್ಳಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ನೇಪಾಳದಲ್ಲಿ ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಆ ಮಳೆ ಗಾಳಿಯಲ್ಲಿದ್ದ ಧೂಳನ್ನೆಲ್ಲ ತೊಳೆದು ಹಿಂದೆಗೆಯುತ್ತದೆ. ಅನಂತರದ ಕೆಲವು ವಾರಗಳಲ್ಲಿ ಆಕಾಶ ಎಷ್ಟು ನಿಚ್ಚಳವಾಗಿರುತ್ತದೆಂದರೆ ಪೋಖರಾದ ಕೆರೆದಂಡೆಯಲ್ಲಿ ನಿಂತವನಿಗೆ ಮಚ್ಛಾಪುಚ್ಛ್ರೆಯ ಮೀನಬಾಲದಂಥ ಶಿಖರ ಕೈಗೆಟುಕುವಂತೆ ತೋರುತ್ತದೆ. ಚಳಿ ಇನ್ನೂ ಬಲಿತಿರುವುದಿಲ್ಲ, ಎತ್ತರದ ಕಣಿವೆಗಳಲ್ಲಿ ಹಿಮ ದಾರಿ ಕಟ್ಟಿರುವುದಿಲ್ಲ. ಎರಡನೆಯ ಹಂಗಾಮು ಮಾರ್ಚ್-ಏಪ್ರಿಲ್. ಆಗ ನೇಪಾಳದ ರಾಷ್ಟ್ರಪುಷ್ಪವಾದ ಲಾಲಿಗುರಾಂಸ್ ಕಾಡಿಗೆ ಕಾಡೇ ಕೆಂಪಾಗುವಂತೆ ಅರಳುತ್ತದೆ. ಅದೇ ಜಾತಿಯ ಮರ ನಮ್ಮ ನೆರೆಯ ನೀಲಗಿರಿಯ ಶೋಲಾ ಕಾಡುಗಳಲ್ಲಿಯೂ ಇದೆ. ಆದರೆ ಆ ತಿಂಗಳುಗಳಲ್ಲಿ ಕಾಡ್ಗಿಚ್ಚಿನ ಹೊಗೆ ಕಣಿವೆಗಳಲ್ಲಿ ಕವಿದು ನಿಲ್ಲುವುದುಂಟು. 2021ರ ಮಾರ್ಚ್ ಕೊನೆಯಲ್ಲಿ ಆ ಹೊಗೆಯಿಂದಾಗಿ ದೇಶದ ಶಾಲೆಗಳನ್ನೇ ಕೆಲವು ದಿನ ಮುಚ್ಚಬೇಕಾಯಿತು. ಆದ್ದರಿಂದ ಅಕ್ಟೋಬರ್‌ಗೆ ಮೊದಲ ಮಣೆ. ನೋಡುವವನ ಕಣ್ಣಿನಿಂದ ಲೆಕ್ಕ ಹಾಕಿದರೆ ಈ ಉತ್ತರದಲ್ಲಿ ದೋಷವಿಲ್ಲ.

ನನ್ನ ತಕರಾರು ಇರುವುದು ನೋಡುವವನ ಕಣ್ಣೊಂದನ್ನೇ ಲೆಕ್ಕಕ್ಕೆ ಹಿಡಿಯುವುದರ ಬಗ್ಗೆ.

ಬಹಳ ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ನಂಬಿ ದಸರಾ ರಜೆಯಲ್ಲಿಯೇ ಹೋಗಿದ್ದೆ. ನಮ್ಮ ತಂಡದ ಗಂಟನ್ನು ಹೊತ್ತವನು ಇಪ್ಪತ್ತೆರಡರ ಹುಡುಗ, ಕೆಳಗಿನ ಜಿಲ್ಲೆಯೊಂದರ ಮಗರ್ ಸಮುದಾಯದವನು. ಬಿದಿರಿನ ಡೋಕೊ ಬುಟ್ಟಿ ಬೆನ್ನಿಗೆ, ಅದರ ನಾಮ್ಲೊ ಪಟ್ಟಿ ಹಣೆಗೆ. ನನ್ನನ್ನು 'ದಾಯಿ' ಎಂದು, ಎಂದರೆ ಅಣ್ಣ ಎಂದು, ಕರೆಯುತ್ತಿದ್ದ. ಒಂದು ಬೆಳಿಗ್ಗೆ ನಾವು ತಂಗಿದ್ದ ಮನೆಯೊಡತಿ ಅಕ್ಕಿ, ಮೊಸರು, ಕುಂಕುಮ ಕಲಸಿದ ಬಟ್ಟಲನ್ನು ಹಿಡಿದು ಬಂದು, ಅಂಗಳದಲ್ಲಿ ಕುಳಿತಿದ್ದ ಆರೇಳು ಮಂದಿ ಹೊರೆಯಾಳುಗಳ ಹಣೆಗೆ ಸಾಲಾಗಿ ಹಚ್ಚಿದಳು. ಕತ್ತಲಲ್ಲಿ ಮೊಳೆಸಿದ ಬಾರ್ಲಿಯ ಹಳದಿ ಸಸಿಗಳನ್ನು ಅವರ ಕಿವಿಗೆ ಸಿಕ್ಕಿಸಿದಳು. ನಮ್ಮ ಹುಡುಗ ತಲೆ ಬಗ್ಗಿಸಿಕೊಂಡೇ ಇದ್ದ. ಅಂದು ವಿಜಯದಶಮಿ. ನೇಪಾಳದಲ್ಲಿ ಅದು ದಶೈಂ ಹಬ್ಬದ ಮುಖ್ಯ ದಿನ. ಆ ದಿನ ಮನೆಯ ಹಿರಿಯರ ಕೈಯಿಂದ ಟೀಕಾ ಮತ್ತು ಜಮರಾ ಪಡೆಯಲೆಂದು ದೂರದ ಊರುಗಳಲ್ಲಿ ದುಡಿಯುವವರು ಬಸ್ಸಿನ ಮೇಲೆ ಕುಳಿತಾದರೂ ಊರು ಸೇರುತ್ತಾರೆ. ಅವನ ತಾಯಿ ಎರಡು ದಿನದ ದಾರಿಯಲ್ಲಿದ್ದಳು. ಅವನು ನಮ್ಮ ಮಲಗುವ ಚೀಲಗಳನ್ನು ಹೊತ್ತು ಇನ್ನೂ ನಾಲ್ಕು ದಿನ ಮೇಲೆ ಹತ್ತಬೇಕಿತ್ತು.

ನಮ್ಮ ಹಬ್ಬದ ರಜೆ ಮತ್ತು ಅವನ ಹಬ್ಬ ಒಂದೇ ತಿಥಿಯವು ಎಂಬುದು ಹೊರಡುವ ಮುನ್ನ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪಂಚಾಂಗ ತಿರುವಿದ್ದರೆ ಸಾಕಿತ್ತು.

ದಶೈಂ ಎಂಬುದು ಘಟಸ್ಥಾಪನೆಯಿಂದ ಹುಣ್ಣಿಮೆಯವರೆಗೆ ಹದಿನೈದು ದಿನಗಳ ಹಬ್ಬ. ಅದು ಮುಗಿಯುವ ಆಶ್ವಯುಜದ ಹುಣ್ಣಿಮೆಯಂದೇ ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಬೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ಬಸುರಿಯಾದ ಗದ್ದೆಗೆ ಬಯಕೆಯೂಟ ಕೊಡುವ ಆ ನಸುಕಿನಲ್ಲಿ ನಮ್ಮ ಮನೆಯ ಮಗನೊಬ್ಬ ಯಾರದೋ ಪೆಟ್ಟಿಗೆ ಹೊತ್ತು ಬೇರೆ ಗುಡ್ಡ ಹತ್ತುತ್ತಿದ್ದರೆ ನಮಗೆ ಹೇಗನ್ನಿಸೀತು? ಹೇಗನ್ನಿಸುತ್ತದೆಂಬುದು ಈಗ ನಮ್ಮಲ್ಲಿ ಕೆಲವರಿಗೆ ಗೊತ್ತು. ದೀಪಾವಳಿಯ ಗೋಪೂಜೆಯ ದಿನ ಕೊಟ್ಟಿಗೆಯಲ್ಲಿರಬೇಕಾದವರು ಅತಿಥಿಗಳಿಗೆ ಬಿಸಿನೀರು ಕಾಯಿಸುತ್ತ ಬಚ್ಚಲೊಲೆಯ ಮುಂದೆ ಕುಳಿತಿರುವುದನ್ನು ನಾನೇ ನೋಡಿದ್ದೇನೆ. ಬೇಡವೆನ್ನಲು ಅವರಿಂದಾಗದು. ಆ ನಾಲ್ಕು ದಿನದ ಆದಾಯ ಉಳಿದ ನಾಲ್ಕು ತಿಂಗಳಿಗಿಂತ ಹೆಚ್ಚು.

ಇಲ್ಲಿ ಒಂದು ಎಚ್ಚರದ ಮಾತು ಸೇರಿಸಬೇಕು. ನೇಪಾಳವೆಂದರೆ ಒಂದೇ ಜನವಲ್ಲ. ಎವರೆಸ್ಟ್ ಬುಡದ ಖುಂಬುವಿನ ಶೆರ್ಪಾಗಳು ಬೌದ್ಧರು, ಅವರ ದೊಡ್ಡ ಹಬ್ಬ ಲೋಸಾರ್. ದಶೈಂ ತಮ್ಮ ಹಬ್ಬವಲ್ಲವೆಂದು ಹೇಳುವ ಜನಜಾತಿಗಳೂ ಅಲ್ಲಿವೆ. ಆದರೆ ಕೆಳಗಿನ ಜಿಲ್ಲೆಗಳಿಂದ ಕೂಲಿಗಾಗಿ ಬಂದು ಭಾರ ಹೊರುವವರಲ್ಲಿ ಅನೇಕರಿಗೆ ಈ ಹದಿನೈದು ದಿನ ವರ್ಷಕ್ಕೊಮ್ಮೆ ಮನೆ ಸೇರುವ ಕಾಲವೇ ಹೌದು.

ಹಬ್ಬದ ಬೆನ್ನಿಗೇ ಕೊಯ್ಲು. ಮಧ್ಯಮ ಎತ್ತರದ ಬೆಟ್ಟಗಳ ಅಂಚುಗದ್ದೆಗಳಲ್ಲಿ ಭತ್ತ ಕಾರ್ತಿಕದ ಹೊತ್ತಿಗೆ ಹಣ್ಣಾಗುತ್ತದೆ. ಅದಕ್ಕೂ ಮೇಲಿನ ಹೊಲಗಳಲ್ಲಿ ಕೋದೊ. ಹಿಂದಿ ಸೀಮೆಯ ಕೋದೊ ಬೇರೆ; ನೇಪಾಳಿಗಳ ಕೋದೊ ಎಂದರೆ ನಮ್ಮ ರಾಗಿಯೇ. ಅದರ ಹಿಟ್ಟಿನಿಂದ ಅವರು ತಿರುವುವ ಢೀಂಡೊ ನಮ್ಮ ಬಯಲುಸೀಮೆಯ ಮುದ್ದೆಯ ಅಣ್ಣನೋ ತಮ್ಮನೋ ಆಗಬೇಕು. ಆಳುಗಳು ಅತ್ಯಂತ ಬೇಕಾದ ವಾರಗಳಲ್ಲಿಯೇ ಊರಿನ ಗಟ್ಟಿಮುಟ್ಟಾದವರೆಲ್ಲ ಚಾರಣದ ದಾರಿಯಲ್ಲಿರುತ್ತಾರೆ. ಕುಡುಗೋಲು ಹಿಡಿಯುವ ಕೆಲಸ ಹೆಂಗಸರ ಮತ್ತು ವೃದ್ಧರ ಪಾಲಿಗೆ ಬರುತ್ತದೆ.

ಇನ್ನು ದಟ್ಟಣೆಯ ಮಾತು. ಎವರೆಸ್ಟ್ ಕಡೆಯ ಲುಕ್ಲಾಕ್ಕೆ ಹೋಗುವ ಸಣ್ಣ ವಿಮಾನಗಳನ್ನು 2019ರಿಂದೀಚೆಗೆ ಈ ಹಂಗಾಮಿನಲ್ಲಿ ಕಾಠ್ಮಂಡುವಿನ ಬದಲು ನಾಲ್ಕೈದು ಗಂಟೆ ದಾರಿಯಾಚೆಗಿನ ರಾಮೆಛಾಪ್‌ನಿಂದ ಹಾರಿಸುವುದು ರೂಢಿಯಾಗಿದೆ, ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಅಷ್ಟೊಂದು ಇಕ್ಕಟ್ಟು. ಪ್ರವಾಸಿಗರು ನಡುರಾತ್ರಿ ಎದ್ದು ಜೀಪು ಹತ್ತುತ್ತಾರೆ. ಅನ್ನಪೂರ್ಣದ ದಾರಿಯಲ್ಲಿ ಮಂಚ ಸಿಗದವರು ಊಟದ ಹಾಲಿನ ಬೆಂಚುಗಳ ಮೇಲೆ ಮಲಗುತ್ತಾರೆ. ನಾವೂ ಎರಡು ರಾತ್ರಿ ಹಾಗೆ ಮಲಗಿದ್ದೆವು. ಹೊರೆಯಾಳುಗಳು ಎಲ್ಲಿ ಮಲಗಿದ್ದರೆಂದು ನಾನು ಕೇಳಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಅನ್ನಪೂರ್ಣ ಸೀಮೆಯವರು ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ನಮ್ಮ ಕಾರ್ಯಕರ್ತರು ಗಮನಿಸಬೇಕು. 1986ರಲ್ಲಿ ಘಾಂಡ್ರುಕ್ ಎಂಬ ಗುರುಂಗರ ಹಳ್ಳಿಯಲ್ಲಿ ಆರಂಭವಾದ ಸಂರಕ್ಷಣಾ ಯೋಜನೆ, ಊರವರನ್ನು ಕಾಡಿನಿಂದ ಹೊರಗಟ್ಟುವ ಬದಲು ಅವರ ಸಮಿತಿಗಳ ಕೈಗೇ ಕಾಡಿನ ಉಸ್ತುವಾರಿಯನ್ನು ಕೊಟ್ಟಿತು. ಈಗ ಅದು 7,629 ಚದರ ಕಿ.ಮೀ.ಗಳ ಸಂರಕ್ಷಿತ ಪ್ರದೇಶ, ನಮ್ಮ ಕೊಡಗು ಜಿಲ್ಲೆಯ ಹೆಚ್ಚುಕಡಿಮೆ ಎರಡರಷ್ಟು. ಚಾರಣಿಗರಿಂದ ವಸೂಲಾಗುವ ಪ್ರವೇಶ ಶುಲ್ಕವೇ ಅದರ ಮುಖ್ಯ ಆದಾಯ. ಛೋಮ್ರೊಂಗ್‌ನಿಂದ ಮೇಲಿನ ದಾರಿಯಲ್ಲಿ ಸೌದೆ ಉರಿಸುವುದನ್ನು ನಿಲ್ಲಿಸಿ ಸೀಮೆಎಣ್ಣೆಯ ದಾಸ್ತಾನು ತೆರೆದದ್ದು, ಪ್ಲಾಸ್ಟಿಕ್ ಬಾಟಲಿಗಳ ಬದಲಿಗೆ ಶುದ್ಧನೀರಿನ ಕೇಂದ್ರಗಳನ್ನು ಹೆಂಗಸರ ಸಂಘಗಳಿಗೆ ಒಪ್ಪಿಸಿದ್ದು ಇವೆಲ್ಲ ಅಲ್ಲಿಯ ಪ್ರಯೋಗಗಳು. ಆದರೆ ಎಂಥ ವ್ಯವಸ್ಥೆಯನ್ನಾದರೂ ಎರಡು ತಿಂಗಳಲ್ಲಿ ಮುಗಿಬೀಳುವ ಜನಸಂದಣಿ ಹಿಂಡಿಬಿಡುತ್ತದೆ. ನಮ್ಮ ಕುಮಾರಪರ್ವತದಲ್ಲಿ 2024ರ ಜನವರಿಯ ಸಾಲುರಜೆಯಲ್ಲಿ ಏನಾಯಿತೆಂಬುದನ್ನು ನೆನೆಯಿರಿ. ಸಾವಿರಾರು ಜನ ಒಮ್ಮೆಗೇ ಬಂದು ಕಾಲಿಡಲು ಜಾಗವಿಲ್ಲದಂತಾಗಿ, ಕೊನೆಗೆ ಸರ್ಕಾರ ಚಾರಣವನ್ನೇ ತಡೆದು ಮುಂಗಡ ನೋಂದಣಿಯ ನಿಯಮ ತರಬೇಕಾಯಿತು. ಆ ಜನರೂ 'ಒಳ್ಳೆಯ ಸೀಸನ್' ನೋಡಿಯೇ ಬಂದವರು.

ಹೋಗಲಿ, ಅಕ್ಟೋಬರ್‌ನ ಆಕಾಶವನ್ನಾದರೂ ನಂಬಬಹುದೇ? ನೇಪಾಳದ ಹವಾಮಾನ ಇಲಾಖೆ ಮುಂಗಾರು ಹಿಂದೆಗೆಯುವ ಸಾಮಾನ್ಯ ದಿನಾಂಕವನ್ನು 2020ರಲ್ಲಿ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 2ಕ್ಕೆ ಮುಂದೂಡಿತು. ಹಲವು ವರ್ಷಗಳ ಅಳತೆಯನ್ನು ನೋಡಿ ಮಾಡಿದ ಬದಲಾವಣೆಯದು. 2024ರಲ್ಲಿ ಘಟಸ್ಥಾಪನೆಗೆ ಒಂದು ವಾರವೂ ಇಲ್ಲದಾಗ, ಸೆಪ್ಟೆಂಬರ್ ಕೊನೆಯ ಮೂರು ದಿನಗಳ ಮಳೆಗೆ ಕಾಠ್ಮಂಡು ಕಣಿವೆಯೂ ಸುತ್ತಲಿನ ಜಿಲ್ಲೆಗಳೂ ಮುಳುಗಿ 200ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಹತ್ತು ವರ್ಷ ಮೊದಲು, 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಬಾಲ ಎರಡು ದಿನಗಳಲ್ಲಿ ಹಿಮಾಲಯ ಮುಟ್ಟಿತು. ಅನ್ನಪೂರ್ಣ ಪ್ರದಕ್ಷಿಣೆಯ 5,416 ಮೀಟರ್ ಎತ್ತರದ ಥೊರಂಗ್ ಲಾ ಕಣಿವೆಯಲ್ಲೂ ಸುತ್ತಮುತ್ತಲೂ ಹಿಮಪಾತಕ್ಕೆ ಸಿಕ್ಕಿ 40ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅವರಲ್ಲಿ ವಿದೇಶಿ ಚಾರಣಿಗರ ಜೊತೆಗೆ ಅಲ್ಲಿಯ ಮಾರ್ಗದರ್ಶಿಗಳೂ ಹೊರೆಯಾಳುಗಳೂ ಇದ್ದರು. ಕೈಪಿಡಿಯ ಪ್ರಕಾರ ಅದು ವರ್ಷದ ಅತ್ಯುತ್ತಮ ವಾರ. ಅಷ್ಟು ಜನ ಒಂದೇ ವಾರ ಆ ಕಣಿವೆಯಲ್ಲಿ ನೆರೆದಿದ್ದದ್ದಕ್ಕೂ ಅದೇ ಕಾರಣ.

ಹಾಗಾದರೆ ಮಳೆಗಾಲದಲ್ಲೇ ಹೋಗೋಣವೆಂದು ಮಲೆನಾಡಿನ ಹುಡುಗರು ಹೇಳಬಹುದು. ಆಗುಂಬೆಯ ಕಡೆಯವರಿಗೆ ಮಳೆಯ ಭಯವೇ? ಪೋಖರಾದ ಬಳಿಯ ಲುಮ್ಲೆ ನೇಪಾಳದ ಆಗುಂಬೆ. ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಗೆರೆ ಎಳೆದಂತೆ ಅಳೆದರೆ ಐವತ್ತು ಕಿ.ಮೀ. ಆಸುಪಾಸಿನಲ್ಲಿ, ಅನ್ನಪೂರ್ಣ ಮತ್ತು ಧವಲಗಿರಿಗಳ ಬೆನ್ನಿಗಿರುವ ಜೋಮ್‌ಸೋಮ್‌ನಲ್ಲಿ 300 ಮಿ.ಮೀ. ಬಂದರೆ ಹೆಚ್ಚು. ಘಟ್ಟದ ನೆತ್ತಿಯಿಂದ ಚಳ್ಳಕೆರೆಯ ಕಡೆಗೆ ಪಯಣಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಮಳೆನೆರಳಿನ ಮುಸ್ತಾಂಗ್ ಸೀಮೆಯನ್ನೇ ಮಳೆಗಾಲದ ಚಾರಣಕ್ಕೆ ತಕ್ಕುದೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆದರೆ 2023ರ ಆಗಸ್ಟ್‌ನಲ್ಲಿ ಅದೇ ಮುಸ್ತಾಂಗ್‌ನ ಕಾಗ್‌ಬೇನಿ ಊರಿಗೆ ಕೆಸರಿನ ಪ್ರವಾಹ ನುಗ್ಗಿ ಮನೆಗಳನ್ನೂ ಸೇತುವೆಗಳನ್ನೂ ಕೊಚ್ಚಿತು. ಮಳೆಯೇ ಬಾರದೆಂದು ಮಣ್ಣಿನ ಸಪಾಟು ಮಾಡು ಕಟ್ಟಿಕೊಂಡಿರುವ ಜನರವರು.

ಆಷಾಢದ ನೇಪಾಳ ಚೆಲುವಾದದ್ದು, ಅದನ್ನು ಅಲ್ಲಗಳೆಯಲಾರೆ. ಅವರ ಅಸಾರ್ ತಿಂಗಳ 15ನೆಯ ದಿನ, ಜೂನ್ ಕೊನೆಗೆ, ಭತ್ತದ ದಿನ. ಗದ್ದೆಯ ಕೆಸರಿನಲ್ಲಿ ಹಾಡುತ್ತ ಸಸಿ ನೆಟ್ಟು ಮೊಸರವಲಕ್ಕಿ ತಿನ್ನುತ್ತಾರೆ. ಬೆನ್ನಿಗೆ ಬಿದಿರು-ಎಲೆಗಳಿಂದ ಹೆಣೆದ ಘುಮ್, ಥೇಟು ನಮ್ಮ ಗೊರಬು. ಇಂಬಳಗಳೂ ನಮ್ಮವೇ, ಹೆಸರು ಮಾತ್ರ ಜುಕಾ. ಆದರೆ ಗೊರಬು ಹೊದ್ದ ಮಾತ್ರಕ್ಕೆ ಗುಡ್ಡ ನಿಲ್ಲುವುದಿಲ್ಲ. ಹಿಮಾಲಯ ನಮ್ಮ ಸಹ್ಯಾದ್ರಿಗಿಂತ ಬಹಳ ಎಳೆಯ ಪರ್ವತ, ಅದರ ಇಳಿಜಾರುಗಳು ಇನ್ನೂ ಸಡಿಲ. 2015ರ ಜುಲೈ ಕೊನೆಯಲ್ಲಿ ಲುಮ್ಲೆಯ ಸುತ್ತಲಿನ ಹಳ್ಳಿಗಳ ಮೇಲೆಯೇ ಭೂಮಿ ಕುಸಿದು ಮನೆಗಳಲ್ಲಿ ಮಲಗಿದ್ದವರು ಮಣ್ಣುಪಾಲಾದರು. 2024ರ ಜುಲೈ 12ರಂದು ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್ ಎಂಬಲ್ಲಿ ಕುಸಿದ ಗುಡ್ಡ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ನೂಕಿತು, ಅರವತ್ತಕ್ಕೂ ಹೆಚ್ಚು ಪ್ರಯಾಣಿಕರು ಹೋದರು. ಅದಾದ ನಾಲ್ಕೇ ದಿನಕ್ಕೆ ನಮ್ಮ ಅಂಕೋಲೆಯ ಶಿರೂರು. ಮಳೆಗಾಲದಲ್ಲಿ ಬೆಟ್ಟದ ರಸ್ತೆಯನ್ನು ಆಸ್ಪತ್ರೆಗೆ ಹೋಗುವವರಿಗೆ, ಅಕ್ಕಿ ತರುವವರಿಗೆ ಬಿಡುವುದು ಸರಿ. ಆ ತಿಂಗಳುಗಳಲ್ಲಿ ಹೊರಗಿನವರು ಹೋಗಿ ಸಿಕ್ಕಿಹಾಕಿಕೊಂಡರೆ ಬಿಡಿಸಲು ಬರುವವನೂ ನಾಟಿ ಬಿಟ್ಟು ಬರಬೇಕಾಗುತ್ತದೆ.

ಈಗ ನನ್ನ ಸಲಹೆ. ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ನಡುವಿನವರೆಗೆ, ಅವರ ಮಂಗ್ಸಿರ್ ತಿಂಗಳ ಉತ್ತರಾರ್ಧ. ದಶೈಂ ಮುಗಿದಿದೆ, ನಮ್ಮ ದೀಪಾವಳಿಯ ಹೊತ್ತಿನ ತಿಹಾರ್ ಕೂಡ ಮುಗಿದಿದೆ. ಭತ್ತ ಕಣಜ ಸೇರುವ ಹೊತ್ತು. ಆಕಾಶ ಅಕ್ಟೋಬರ್‌ನಷ್ಟೇ ನಿಚ್ಚಳ, ಕೆಲವೊಮ್ಮೆ ಅದಕ್ಕಿಂತ ಮಿಗಿಲು. ದಾರಿಯ ಜನಜಂಗುಳಿ ಕರಗಿರುತ್ತದೆ. ಒಲೆಯ ಬಳಿ ಕುಳಿತು ಮಾತಾಡಲು ಮನೆಯವರಿಗೂ ಬಿಡುವಿರುತ್ತದೆ. ಚಳಿ ಇರುತ್ತದೆ, ನಿಜ. ಅದಕ್ಕಾಗಿ 4,130 ಮೀಟರಿನ ಅನ್ನಪೂರ್ಣ ತಳಶಿಬಿರದವರೆಗೂ ಹೋಗಲೇಬೇಕೆಂಬ ಹಟ ಬೇಡ. ಘಾಂಡ್ರುಕ್ ಸುಮಾರು 2,000 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಎತ್ತರ. ಪೂನ್ ಹಿಲ್ 3,210 ಮೀಟರ್. ಮೊದಲ ಬಾರಿ ಹೋಗುವ ಮಲೆನಾಡಿನ ಕಾಲುಗಳಿಗೆ ಇಷ್ಟು ಧಾರಾಳವಾಯಿತು. ಜನವರಿ ದಾಟಿ ಹೋಗುವವರಂತೂ ತಳಶಿಬಿರದ ದಾರಿಯನ್ನು ಊರವರ ಮಾತು ಕೇಳದೆ ತುಳಿಯಬಾರದು. 2020ರ ಜನವರಿಯಲ್ಲಿ ದೇವುರಾಲಿಯ ಬಳಿ ಹಿಮಕುಸಿತಕ್ಕೆ ನಾಲ್ವರು ಕೊರಿಯನ್ನರೂ ಮೂವರು ನೇಪಾಳಿಗಳೂ ಬಲಿಯಾದರು.

ಈ ಸಲಹೆಗೆ ನಮ್ಮ ಬಳಗದಲ್ಲಿಯೇ ವಿರೋಧವಿದೆ. ಹಿರಿಯ ಮಿತ್ರರೊಬ್ಬರು ಬರಹದ ಕರಡನ್ನು ಓದಿ, "ಎರಡು ತಿಂಗಳಲ್ಲಿ ಬರೋರನ್ನು ಹನ್ನೆರಡು ತಿಂಗಳಿಗೆ ಹರಡಿದರೆ ಕಾಡಿಗೆ ಉಸಿರು ಬಿಡೋ ಕಾಲವೇ ಇಲ್ಲದ ಹಾಗೆ ಆಗ್ತದಲ್ಲ ಮಾರಾಯ?" ಎಂದರು. ಮಾತಿನಲ್ಲಿ ಸತ್ಯವಿದೆ. ಪ್ರವಾಸೋದ್ಯಮದ ಇಲಾಖೆಗಳಿಗೂ ಕಂಪನಿಗಳಿಗೂ 'ವರ್ಷವಿಡೀ ತಾಣ' ಎಂಬುದೇ ಕನಸು. ನಮ್ಮ ಘಟ್ಟಗಳಲ್ಲಿ ಮಳೆಗಾಲವನ್ನೂ ಮಾರಾಟಕ್ಕಿಟ್ಟದ್ದು ಆ ಕನಸಿನಿಂದಲೇ. ಆದರೆ ಎರಡನೆಯ ಸಲ ಹೋದಾಗ ಘಾಂಡ್ರುಕ್ ಬಳಿಯ ಮನೆಯೊಂದರ ದಿದಿ ಹೇಳಿದ ಮಾತೂ ನನ್ನ ಕಿವಿಯಲ್ಲಿದೆ. ಹತ್ತು ಜನ ಬಂದರೂ ಒಬ್ಬ ಬಂದರೂ ಒಲೆ ಒಂದೇ ಉರಿಸಬೇಕು, ಎಂದಿದ್ದಳು ಆಕೆ. ಅಕ್ಟೋಬರ್‌ನಲ್ಲಿ ಇಪ್ಪತ್ತು ಜನರನ್ನು ವಾಪಸು ಕಳಿಸುತ್ತೇನೆ, ಡಿಸೆಂಬರ್‌ನಲ್ಲಿ ಒಬ್ಬನಿಗಾಗಿ ಸೌದೆ ಸುಡುತ್ತೇನೆ. ಅವರಲ್ಲಿ ಐದು ಜನ ಈಗ ಬರಬಾರದೇ ಎಂಬುದು ಅವಳ ಪ್ರಶ್ನೆ. ಇಬ್ಬರ ಮಾತೂ ನನಗೆ ಸರಿಯೆನಿಸುತ್ತದೆ. ಮಳೆಗಾಲವನ್ನು ಬೆಟ್ಟಕ್ಕೆ ಬಿಟ್ಟುಕೊಡುವುದು, ಹಬ್ಬವನ್ನು ಮನೆಯವರಿಗೆ ಬಿಟ್ಟುಕೊಡುವುದು, ಉಳಿದ ತಿಂಗಳುಗಳಲ್ಲಿ ಚೆದುರಿ ಹೋಗುವುದು, ಇದಕ್ಕಿಂತ ಖಚಿತವಾದ ಲೆಕ್ಕ ಸದ್ಯಕ್ಕೆ ನನಗೆ ದೊರೆತಿಲ್ಲ.

ರಜೆ ಇರುವುದು ದಸರೆಗೆ ಮಾತ್ರ, ಬೇರೆ ದಾರಿಯಿಲ್ಲ ಎನ್ನುವವರಿದ್ದಾರೆ. ಅಂಥವರು ವಿಜಯದಶಮಿಯ ಮೊದಲಿನ ಎರಡು ದಿನ ಮತ್ತು ಅನಂತರದ ಎರಡು ದಿನ ಯಾರ ಬೆನ್ನಿಗೂ ಹೊರೆ ಹೊರಿಸದೆ ಒಂದೇ ಊರಿನಲ್ಲಿ ಉಳಿಯಲಿ. ಮಾರ್ಗದರ್ಶಿಯನ್ನು ಮನೆಗೆ ಕಳುಹಿಸಿ ಆ ದಿನಗಳ ಕೂಲಿಯನ್ನೂ ಕೊಡಲಿ. ಇದರಿಂದ ನಾಲ್ಕು ಶಿಖರ ಕಡಿಮೆ ನೋಡಿದಂತಾಗಬಹುದು. ಊರಿನ ಮಕ್ಕಳು ಬಿದಿರಿನ ಎತ್ತರದ ಜೋಕಾಲಿ ಕಟ್ಟಿ ಜೀಕುವುದನ್ನು ನೋಡಬಹುದು, ಕರೆದರೆ ಹತ್ತಲೂಬಹುದು.

ಐವರು ವಿದ್ಯಾರ್ಥಿಗಳಿಗೆ ಮೊನ್ನೆ ಒಂದು ಕೆಲಸ ಹಚ್ಚಿದ್ದೇನೆ. ತಿಂಗಳು ಗೊತ್ತುಮಾಡುವ ಮೊದಲು ಆ ದಿದಿಗೆ ಒಂದು ಕಾಗದ ಬರೆಯಬೇಕು. ನಿಮ್ಮ ಕೊಯ್ಲು ಎಂದು ಮುಗಿಯುತ್ತದೆ, ನೀರು ಯಾವ ತಿಂಗಳವರೆಗೆ ಸಾಕಾಗುತ್ತದೆ, ನಿಮ್ಮ ಮನೆಯವರು ಎಂದು ಊರಲ್ಲಿರುತ್ತಾರೆ ಎಂದು ಕೇಳಬೇಕು. ಅವರ ಮಗ ಇಂಗ್ಲಿಷ್ ಓದಬಲ್ಲ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ ಉತ್ತರಕ್ಕೆ ಕಾಯಲು ಸಮಯವಿದೆ. ಡಿಸೆಂಬರ್ ಎಂದಾದರೆ ತರಗತಿಗೆ ಹನ್ನೆರಡು ದಿನ ತಪ್ಪುತ್ತದೆ. ಪ್ರಾಂಶುಪಾಲರನ್ನು ಕೇಳಲು ನಾನೇ ಜೊತೆಯಲ್ಲಿ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ.